ಗದಿಗೆವ್ವನ ಬೀಸಣಿಕೆ

“ಸಪ್ಪಳ ಬರಾಕತ್ತೈತೇನವಾ?” ಗದಿಗೆವ್ವ ಬಾಗಿಲಲ್ಲೇ ನಿಂತು ಕೇಳಿದಳು.

ಸೊಸೆ ಸುಶ್ಮಿತಾ ಲ್ಯಾಪ್‌ಟಾಪಿನ ಬೆನ್ನಿಗೆ ಕಿವಿ ಹಚ್ಚಿ ಕೂತಿದ್ದಳು. ಒಳಗಿನ ಫ್ಯಾನು ತಿರುಗಿದರೆ ಸಣ್ಣಗೆ ಗುಂಯ್ ಎನ್ನಬೇಕು. ಅದಿಲ್ಲ. ಬೆನ್ನು ಮಾತ್ರ ರೊಟ್ಟಿ ಹಂಚಿನ ಹಾಗೆ ಕಾದಿತ್ತು.

“ಇಲ್ರಿ ಅತ್ತಿ, ಫ್ಯಾನ್ ತಿರಗವಲ್ದು. ಕಾದು ಕಾದು ತಾನ ಬಂದ್ ಆಗಾಕತ್ತೈತಿ.”

ಮಧ್ಯಾಹ್ನ ಮೂರಕ್ಕೆ ಅವಳು ಆನ್‌ಲೈನಿನಲ್ಲಿ ಗಣಿತದ ಪಾಠ ಮಾಡಿ ತೋರಿಸಬೇಕಿತ್ತು. ಮೆಚ್ಚಿದರೆ ಕೆಲಸ, ಅದೂ ಯಳವತ್ತಿಯ ಈ ಮನೆಯಲ್ಲೇ ಕೂತು ಮಾಡುವಂಥದ್ದು. ತಪ್ಪಿದರೆ, ಮದುವೆಯಾದಾಗ ಬಿಟ್ಟ ಪಾಠ ಹೇಳುವ ಕೆಲಸ ಬಿಟ್ಟಂತೆಯೇ. ಈ ಕೆಲಸದ ಆಸೆ ಸೊಸೆಗಿಂತ ಅತ್ತೆಗೇ ಒಂದು ಕೈ ಹೆಚ್ಚು. ‘ನಮ್ಮ ಸೊಸಿ ಇವತ್ತ ಸಾಲಿ ಹೇಳತಾಳ, ಗದ್ದಲ ಮಾಡಬ್ಯಾಡ್ರಿ’ ಎಂದು ಬೆಳಗ್ಗೆಯೇ ಓಣಿಯಲ್ಲಿ ಡಂಗುರ ಹೊಡೆದು ಬಂದಿದ್ದಳು. ಪಕ್ಕದ ಮನೆಯ ಹನಮಂತವ್ವನ ಕೋಳಿಗೂ ಆ ತಾಕೀತು ತಪ್ಪಿರಲಿಲ್ಲ.

ಬಂದ್ ಮಾಡಿ ಮತ್ತೆ ಚಾಲೂ ಮಾಡಿದ್ದಾಯಿತು, ಗಾಳಿ ಹೋಗುವ ಸಂದಿಗೆ ಬಾಯಿಂದ ಊದಿದ್ದಾಯಿತು. ಟೇಬಲ್ ಫ್ಯಾನು ಇಡೋಣವೆಂದರೆ ಕರೆಂಟಿಲ್ಲ. ಮೊಬೈಲ್ ರಿಪೇರಿಯ ಗುಡುಸಾಬ ಲಕ್ಷ್ಮೇಶ್ವರಕ್ಕೆ ಹೋಗಿದ್ದ; ಅವನ ಮನೆಯಿಂದ ಸಣ್ಣ ಸ್ಕ್ರೂಡ್ರೈವರಷ್ಟೇ ಸಿಕ್ಕಿತು. ಗದಿಗೆವ್ವ ತಡೆಯಲಾರದೆ ಬೀಸಣಿಕೆ ತಂದು, ಜ್ವರ ಬಂದ ಕೂಸಿಗೆ ಹಾಕುವಂತೆ ಲ್ಯಾಪ್‌ಟಾಪಿಗೆ ಗಾಳಿ ಹಾಕತೊಡಗಿದಳು. ಸುಶ್ಮಿತಾಗೆ ನಗುವೂ ಬಂತು, ಅಳುವೂ ಬಂತು.

ಅತ್ತೆ ನೀರು ತರಲು ಒಳಗೆ ಹೋದಾಗ ಅವಳು ಸ್ಕ್ರೂಗಳನ್ನೆಲ್ಲ ಬಟ್ಟಲಿಗೆ ಹಾಕಿ, ಧೈರ್ಯ ಮಾಡಿ ಬೆನ್ನು ಬಿಚ್ಚಿದಳು. ಬ್ಯಾಟರಿಯ ವೈರು ಬಿಡಿಸಿ, ಫ್ಯಾನಿನೊಳಗೆ ಇಣುಕಿ ನೋಡಿದಳು. ರೆಕ್ಕೆಗಳ ನಡುವೆ ಒಂದು ಒಣಗಿದ ಬನ್ನಿ ಕಡ್ಡಿ ಎಲೆ ಸಮೇತ ಸಿಕ್ಕಿಕೊಂಡಿತ್ತು.

ದಸರೆಯ ಖಂಡೇಪೂಜೆಯ ದಿನ ಕುಂಟೆ, ಕೂರಿಗೆ, ಹೊಲಿಗೆ ಮಷಿನ್ನುಗಳ ಸಾಲಿನಲ್ಲಿ ಲ್ಯಾಪ್‌ಟಾಪನ್ನೂ ಕೂರಿಸಿದಾಗ, ‘ಇದಕ್ಕ ನೀರು, ಕುಂಕುಮ, ಅಕ್ಕಿಕಾಳು ಯಾವುದೂ ಹಾಕಬ್ಯಾಡ್ರಿ’ ಎಂದು ಅವಳೇ ಹೇಳಿದ್ದಳು. ಅತ್ತೆ ಆ ಮಾತು ಮೀರಿರಲಿಲ್ಲ. ಮರುದಿನದ ಬನ್ನಿಯ ಬಗ್ಗೆ ಮಾತ್ರ ಸೊಸೆ ಏನೂ ಹೇಳಿರಲಿಲ್ಲ.

ಒಂದು ಗಳಿಗೆ ಸಿಟ್ಟು ನೆತ್ತಿಗೇರಿತು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನಿನಿಂದ ಕಡ್ಡಿ ಎಳೆದು, ಎಲ್ಲ ಮುಚ್ಚಿ ಚಾಲೂ ಮಾಡಿದಳು. ಗುಂಯ್ ಎಂದಿತು. ಅಷ್ಟರಲ್ಲಿ ಗದಿಗೆವ್ವ ತಂಬಿಗೆ ಹಿಡಿದು ಬಂದಳು. ಸುಶ್ಮಿತಾ ಮುಷ್ಟಿ ಮುಚ್ಚಿದಳು.

“ಏನಾಗಿತ್ತವಾ?”

“ಕಸ ಹೊಕ್ಕಿತ್ರಿ.”

“ಅದಕ್ಕೇನೂ ಆಗೂದಿಲ್ಲಂತ ನನಗ ಗೊತ್ತಿತ್ತು. ದಸರಿಗೆ ಅದಕ್ಕೂ ಬನ್ನಿ ಕೊಟ್ಟೇನಿ. ನಿನ್ನ ಕೆಲಸ ಆಗಲಿ ಅಂತ ಬೇಡ್ಕೊಂಡು, ಅದು ಉಸಿರಾಡೂ ಸಂದ್ಯಾಗ ಒಂದ ಕಡ್ಡಿ ಇಟ್ಟೇನಿ.”

ಸಿಟ್ಟು ಎಲ್ಲಿ ಹೋಯಿತೋ. ಇಂಥ ಅತ್ತೆಯನ್ನು ಅಪ್ಪಿಕೊಂಡುಬಿಡಬೇಕು ಎನ್ನಿಸಿತು ಸುಶ್ಮಿತಾಗೆ. ಕಡ್ಡಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಬರೂ ವರ್ಷ ಅದರ ಬನ್ನಿ ನನ್ನ ಕೈಯಾಗ ಕೊಡ್ರಿ ಅತ್ತಿ.”

“ಯಾಕ, ನಾ ಕೊಟ್ರ ಒಲ್ಲೆ ಅಂತೈತೇನು?”

“ಹಂಗಲ್ರಿ. ನಿಮ್ಮ ಕೈಯಿಂದ ನನಗ ಬೇಕ್ರಿ.”

ಮೂರಕ್ಕೆ ಮೊಬೈಲಿನ ನೆಟ್ಟಿನಲ್ಲಿ ಪಾಠ ಶುರುವಾಯಿತು. ಫ್ಯಾನು ತಿರುಗುತ್ತಿದ್ದರೂ ಗದಿಗೆವ್ವನಿಗೆ ಅದರ ಮೇಲೆ ಭರವಸೆ ಇರಲಿಲ್ಲ. ಕ್ಯಾಮೆರಾಕ್ಕೆ ಕಾಣದಂತೆ ನೆಲಕ್ಕೆ ಕೂತು, ಪಾಠ ಮುಗಿಯುವ ತನಕ ಬೀಸಿದಳು.

“ಚಲೋ ಹೇಳಿದ್ರಿ,” ಎಂದಳು ಪರದೆಯ ಮೇಲಿದ್ದ ಮೇಡಂ. “ಆದ್ರ ಅದೇನ್ರಿ, ಆಗಿಂದ ಕಿಣಿಕಿಣಿ ಸಪ್ಪಳ?”

ಬೀಸಣಿಕೆ ಗಕ್ಕನೆ ನಿಂತಿತು. ಗದಿಗೆವ್ವ ಒಂದು ಕೈಯ ಬಳೆಗಳನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದು ಸೊಸೆಯ ಮುಖ ನೋಡಿದಳು.

“ಫ್ಯಾನ್ರಿ ಅದು,” ಎಂದಳು ಸುಶ್ಮಿತಾ. “ನಮ್ಮನ್ಯಾಗ ಹಂಗ ಸಪ್ಪಳ ಮಾಡತೈತಿ.”

“ಇರಲಿ ಬಿಡ್ರಿ. ಸೋಮವಾರದಿಂದ ಕ್ಲಾಸ್ ಶುರು ಮಾಡ್ರಿ.”

ಗದಿಗೆವ್ವ ಬಳೆಗಳನ್ನು ಬಿಟ್ಟಳು. ಸುಶ್ಮಿತಾಳ ಕೆನ್ನೆಗೆ ಮತ್ತೆ ಗಾಳಿ ತಾಗಿತು.