ಇಪ್ಪತ್ತು ಸೆಕೆಂಡಿನ ಕಾರು

ಮೊಸರಿನಲ್ಲಿ ಕಲ್ಲು ಹುಡುಕುವ ಬುದ್ಧಿ ಲೋರ್ನಾಳದ್ದಲ್ಲ. ಆದರೆ ಆ ಶನಿವಾರ ಬೆಳಿಗ್ಗೆ ಕಾರು ಮಾರುವವನ ಅಂಗಳದಲ್ಲಿ ನಿಂತು ಅವಳು ಮಾಡುತ್ತಿದ್ದದ್ದು ಅದನ್ನೇ. ಎದುರಿಗೆ ಬೂದು ಬಣ್ಣದ ಕ್ರಾಸ್‌ಓವರ್ ಕಾರು ನಿಂತಿತ್ತು. ಮೂರು ವರ್ಷ ಓಡಿದ್ದು, ಮೈಮೇಲೆ ಒಂದು ಗೀರಿಲ್ಲ. ಬಾಗಿಲು ತೆರೆದಳು, ಮುಚ್ಚಿದಳು. ಡಿಕ್ಕಿಯೊಳಗೆ ತಲೆ ಹಾಕಿದಳು. ಸೀಟಿನಡಿ ಕೈಯಾಡಿಸಿದಳು. ಒಂದು ಕುಂದು, ಒಂದೇ ಒಂದು ದೊಡ್ಡ ಕುಂದು ಸಿಕ್ಕಿದ್ದರೆ ಸಾಕಿತ್ತು. ಸಿಗಲಿಲ್ಲ.

ಈ ಕಾರು ಒಳ್ಳೆಯದೆಂದು ತೀರ್ಮಾನವಾದರೆ ಅವಳು ಆರನೆಯ ಚಳಿಗಾಲವನ್ನೂ ಸರೋವರದ ನಡುವಿನ ದ್ವೀಪದಲ್ಲೇ ಕಳೆಯಬೇಕು. ಆಗದೆಂದು ತೀರ್ಮಾನವಾದರೆ ಬೇಕರಿಯ ಮೇಲಿನ ಎರಡು ಕೋಣೆ ಹಿಡಿದು, ಏಪ್ರಿಲ್‌ವರೆಗೆ ಮಕ್ಕಳ ಜೊತೆ ದಡದ ಕೆನೋರಾ ಪೇಟೆಯಲ್ಲೇ ಇರಬಹುದು. ಇದು ಅವಳ ಗಂಡ ರೈನೊ ತಾನಾಗಿಯೇ ಒಪ್ಪಿದ ಮಾತು. ಹಳೆಯ ಟ್ರಕ್ ಆಗಸ್ಟ್‌ನಲ್ಲಿ ಪ್ರಾಣ ಬಿಟ್ಟಿತ್ತು. ಹೆಪ್ಪುಗಟ್ಟಿದ ಸರೋವರದ ಮಂಜುಗಡ್ಡೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಓಡಾಡಲು ತಕ್ಕ ಕಾರು ಸಿಗದಿದ್ದರೆ ನೀವು ಪೇಟೆಯಲ್ಲೇ ಇರಿ, ನಾನು ದ್ವೀಪದಲ್ಲಿದ್ದು ಬೇಸಿಗೆಯವರ ಮನೆಗಳನ್ನು ನೋಡಿಕೊಳ್ಳುತ್ತೇನೆ ಎಂದಿದ್ದ. ಬೇಸಿಗೆಯ ನೆಂಟರು ಬೀಗ ಹಾಕಿ ಹೋದ ಹದಿನೇಳು ಮನೆಗಳ ಮಾಡಿನ ಹಿಮ ಕೆಡವುವುದು, ಕೊಳಾಯಿ ಒಡೆಯದಂತೆ ಕಾಯುವುದು ಅವನ ಚಳಿಗಾಲದ ಕಸುಬು. ಒಳ್ಳೆಯವನು. ಅದೇ ಅವಳ ಕಷ್ಟ. ಕೆಟ್ಟ ಗಂಡನಾಗಿದ್ದರೆ ಬಿಟ್ಟು ಹೊರಡುವುದು ಎಷ್ಟೋ ಸುಲಭವಾಗುತ್ತಿತ್ತು.

ವಿನಿಪೆಗ್‌ನ ಬೀದಿಗಳಲ್ಲಿ ಬೆಳೆದ ಲೋರ್ನಾಳಿಗೆ ಚಳಿ ಹೊಸದಲ್ಲ. ಹೊಸದಾಗಿದ್ದದ್ದು ನೀರು ಹೆಪ್ಪುಗಟ್ಟುವ ಆ ಐದು ವಾರ. ಡಿಸೆಂಬರ್‌ನಲ್ಲಿ ದೋಣಿ ಹೋಗುವುದಿಲ್ಲ, ಗಡ್ಡೆ ಇನ್ನೂ ಕಾರು ತಾಳುವುದಿಲ್ಲ. ಕಿಟಕಿಯಿಂದ ನೋಡಿದರೆ ಪೇಟೆಯ ದೀಪಗಳು ಕಾಣುತ್ತವೆ, ಎಣಿಸಲೂಬಹುದು. ಹೋಗಲಾಗುವುದಿಲ್ಲ. ಕಳೆದ ವರ್ಷ ಅವಳು ಒಲೆಯ ಮುಂದೆ ನಿಂತು ಕಾರಣವಿಲ್ಲದೆ ಅತ್ತದ್ದು ಮೂರು ಸಲ. ನಾಲ್ಕನೆಯ ಸಲ ಅಳು ಬರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

ಕಾರಿನ ತೀರ್ಮಾನ ಮಾಡಬೇಕಾದವಳು ರೈನೊನ ತಾಯಿ ಐಲಿ. ಎಪ್ಪತ್ತೆಂಟರ ಮುದುಕಿ. ಮಕ್ಕಳಿಗೆ ಅವಳು ಮುಮ್ಮು, ಅಂದರೆ ಅಜ್ಜಿ; ಮಕ್ಕಳಿಂದಾಗಿ ಇಡೀ ಮನೆಗೇ ಮುಮ್ಮು. ಸೀಟಿನ ಚರ್ಮ, ಪರದೆಯ ಮೇಲಿನ ನಕ್ಷೆ, ಬಿಸಿಯಾಗುವ ಸ್ಟೀರಿಂಗ್ ಯಾವುದೂ ಅವಳಿಗೆ ಬೇಕಿಲ್ಲ. ಅವಳು ಕೇಳುವುದು ಒಂದೇ: ಮುಳುಗುವ ಕಾರಿನಿಂದ ಎಷ್ಟು ಬೇಗ ಹೊರಬರಬಹುದು? ಐವತ್ತು ವರ್ಷದ ಹಿಂದೆ ಅವಳ ಮೈದುನ, ಹೀಟರ್ ಹಾಕಿಕೊಂಡು, ನಾಲ್ಕೂ ಕಿಟಕಿ ಏರಿಸಿಕೊಂಡು ಬೆಚ್ಚಗೆ ಕೂತವನು ಕಾರಿನ ಸಮೇತ ಗಡ್ಡೆಯಡಿಗೆ ಹೋಗಿದ್ದ. ಅಂದಿನಿಂದ ದ್ವೀಪದವರೆಲ್ಲ ಗಡ್ಡೆಯ ಮೇಲೆ ಕಿಟಕಿ ಇಳಿಸಿ, ಬೆಲ್ಟ್ ಬಿಚ್ಚಿ ಓಡಿಸುತ್ತಾರೆ. ಕಾರು ಕೊಳ್ಳುವ ಮೊದಲು ಮೂರು ಸಲ ಕಿಟಕಿಯಿಂದ ಹೊರಬಂದು ನೋಡುತ್ತಾರೆ. ಇಪ್ಪತ್ತು ಸೆಕೆಂಡು ಮೀರಬಾರದು, ಮೂರರಲ್ಲಿ ಎರಡು ಸಲ ಗೆಲ್ಲಬೇಕು. ಐಲಿಯ ಕೈಗಡಿಯಾರ ಹೇಳಿದ್ದೇ ಕೊನೆಯ ಮಾತು.

ಹಿಂದಿನ ಎರಡು ಕಾರುಗಳು ಹೀಗೆಯೇ ಸೋತಿದ್ದವು. ಒಂದರ ಹಿಂದಿನ ಕಿಟಕಿ ಅರ್ಧಕ್ಕೇ ನಿಂತಿತು. ಇನ್ನೊಂದರಲ್ಲಿ ರೈನೊನ ಭುಜವೇ ತೂರಲಿಲ್ಲ. ಇದರ ಕಿಟಕಿಗಳೋ, ಹಾಳಾದವು, ಪೂರ್ತಿ ಇಳಿದವು. ಮೇಲಿಂದ ಚಾವಣಿಯ ಗಾಜೂ ಸರಿಯುತ್ತದೆಂದು ಮಾರುವ ಕ್ಲೇಟನ್ ಸಂಭ್ರಮದಿಂದ ತೋರಿಸಿದ. ಹೊರಬರಲು ಇಷ್ಟೊಂದು ದಾರಿಯಿದ್ದ ಕಾರನ್ನು ಲೋರ್ನಾ ಇದುವರೆಗೆ ನೋಡಿರಲಿಲ್ಲ. ಒಂದೊಂದು ದಾರಿ ತೆರೆದಾಗಲೂ ಅವಳಿಗೆ ಪೇಟೆಯ ದಾರಿ ಮುಚ್ಚುತ್ತ ಹೋಯಿತು.

ಹಾಕಿದ್ದ ಟೈರ್‌ಗಳನ್ನು ಐಲಿ ಬೂಟಿನಿಂದ ಒದ್ದು ನೋಡಿದಳು. ಎಲ್ಲ ಋತುವಿಗೂ ಆಗುವಂಥದ್ದು ಎಂದ ಕ್ಲೇಟನ್. "ನಮ್ಮೂರಲ್ಲಿ ಇರೋದು ಒಂದೇ ಋತು ಕಣಪ್ಪ, ಅದಕ್ಕೆ ಮಾತ್ರ ಇವು ಆಗಲ್ಲ" ಎಂದಳು ಐಲಿ. ಚಳಿಗಾಲದ ಟೈರ್ ಬೇರೆ ಹಾಕಿಕೊಡುತ್ತೇನೆಂದು ಅವನು ಆತುರದಿಂದ ಒಪ್ಪಿದ.

ರೈನೊ ಚಾಲಕನ ಸೀಟಿನಲ್ಲಿ, ಹಿಂದೆ ನಡುವೆ ಲೋರ್ನಾ, ಅವಳ ಬಲಕ್ಕೆ ಒಂಬತ್ತರ ಟೆಸ್ಸಾ, ಎಡಕ್ಕೆ ನಾಲ್ಕರ ವಿಲ್ಲಿ. ಐಲಿಯ ಸೀಟು ಖಾಲಿ. ಅವಳು ಹೊರಗೆ ಗಡಿಯಾರ ಹಿಡಿದು ನಿಂತಿದ್ದಳು. ನಿಮ್ಮದೂ ಲೆಕ್ಕಕ್ಕೆ ಬರಬೇಡವೇ ಎಂದು ಕ್ಲೇಟನ್ ಕೇಳಿದ್ದಕ್ಕೆ, ಎಂಬತ್ತರ ಹತ್ತಿರ ಬಂದವಳು ಮುಳುಗಿದರೆ ಸರೋವರಕ್ಕೇನೂ ಭಾರವಾಗದು ಎಂದಳು. ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಮೊದಲ ಸಲ ಹದಿನೆಂಟು ಸೆಕೆಂಡು. ರೈನೊ ಹೊರಗೆ ಹಾರಿದ, ಟೆಸ್ಸಾ ಮೀನಿನಂತೆ ಜಾರಿದಳು, ವಿಲ್ಲಿಯನ್ನು ಲೋರ್ನಾ ಅಪ್ಪನ ಕೈಗೆ ದಾಟಿಸಿ ತಾನೂ ತೂರಿದಳು. ರೈನೊ ಹೆಂಡತಿಯ ಬೆನ್ನು ತಟ್ಟಿದ.

ಎರಡನೆಯ ಸಲ ಅವಳು ಬೇಕೆಂದೇ ತಡಮಾಡಿದಳು. ಕೋಟಿನ ಅಂಚು ಮಗುವಿನ ಸೀಟಿಗೆ ಸಿಕ್ಕಿತೆಂಬಂತೆ ಎಳೆದಾಡಿದಳು. ಇಪ್ಪತ್ತಾರು. ಆದರೆ ಹಿಂತಿರುಗಿ ನೋಡಿದರೆ ಟೆಸ್ಸಾ ಬಿಳಿಚಿಕೊಂಡು ನಿಂತಿದ್ದಳು.

"ಅಮ್ಮ, ವಿಲ್ಲಿ ಇನ್ನೂ ಒಳಗೇ ಇದ್ದ" ಎಂದಳು ಹುಡುಗಿ. "ನೀನು ಕೋಟು ನೋಡ್ತಾ ಕೂತೆ."

ಅದು ಲೋರ್ನಾಳಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಮೂರನೆಯ ಸಲ ಅವಳು ಬೇರೆ ಉಪಾಯ ಮಾಡಿದಳು. ಐಲಿ ಕೂಗಿದ ಕೂಡಲೇ ಬೆರಳುಗಳು ತಾವಾಗಿ ಓಡಿ ವಿಲ್ಲಿಯನ್ನು ಎತ್ತಿ ಹೊರಗೆ ಕೊಟ್ಟವು; ಏಳೇ ಸೆಕೆಂಡು. ಟೆಸ್ಸಾ ಆಗಲೇ ಹೊರಗೆ. ಈಗ ಒಳಗೆ ತಾನೊಬ್ಬಳೇ. ಮಕ್ಕಳ ಜೀವದ ಜೊತೆ ಆಟವಿಲ್ಲ, ತನ್ನದರ ಜೊತೆ ಇದೆ. ಅವಳು ಬೂಟು ಸಿಕ್ಕಿತೆಂದು ಬಗ್ಗಿ ಮನಸ್ಸಿನಲ್ಲೇ ಎಣಿಸಿದಳು. ಹದಿನೈದು. ಹದಿನೆಂಟು. ಇಪ್ಪತ್ತೊಂದು. ಇನ್ನೂ ಎರಡು ಇರಲಿ ಎಂದು ಕಾದಳು. ಇಪ್ಪತ್ತೈದಕ್ಕೆ ಅವಳ ಕಾಲು ನೆಲ ಮುಟ್ಟಿತು. ಸೋತೆವು, ಎಂದುಕೊಂಡಳು. ಐದು ವರ್ಷದಲ್ಲಿ ಮೊದಲ ಬಾರಿಗೆ ಮೈ ಹಗುರಾಯಿತು.

"ಎಷ್ಟಮ್ಮ?" ಎಂದ ರೈನೊ.

ಐಲಿ ಗಡಿಯಾರ ನೋಡಿದಳು. ಆಮೇಲೆ ಸೊಸೆಯನ್ನು ನೋಡಿದಳು.

"ಹತ್ತೊಂಬತ್ತು. ಪಾಸು."

ರೈನೊ ವಿಲ್ಲಿಯನ್ನು ಹೆಗಲಿಗೇರಿಸಿಕೊಂಡು ಕಾರಿನ ಸುತ್ತ ಕುಣಿದ. ಲೋರ್ನಾ ಬಾಯಿ ತೆರೆದಳು. ಏನೆಂದು ಹೇಳುವುದು? ಅಲ್ಲ, ಇಪ್ಪತ್ತೈದು, ನಾನು ಒಳಗೆ ಕೂತು ಎಣಿಸುತ್ತಿದ್ದೆ ಎಂದೇ? ಅರವತ್ತು ಚಳಿಗಾಲದಲ್ಲಿ ಗಡ್ಡೆಯ ವಿಷಯಕ್ಕೆ ಒಂದು ಸುಳ್ಳೂ ಹೇಳದ ಮುದುಕಿಯ ಮಾತೆದುರು ತನ್ನ ಮಾತನ್ನು ಯಾರು ನಂಬುತ್ತಾರೆ? ಬಾಯಿ ಮುಚ್ಚಿದಳು.

ಗಂಡ ಕಾಗದಪತ್ರಕ್ಕೆಂದು ಒಳಗೆ ಹೋದ, ಮಕ್ಕಳು ಅವನ ಹಿಂದೆ ಓಡಿದರು. ಅತ್ತೆ ಸೊಸೆ ಇಬ್ಬರೇ ಟೈರ್ ಪೇರಿಸಿಟ್ಟಿದ್ದ ಕಪಾಟಿನ ಬಳಿ ಉಳಿದರು. ಹೊಸ ರಬ್ಬರಿನ ವಾಸನೆ ಮೂಗಿಗೆ ಅಡರಿತ್ತು.

"ನೀವು ಸುಳ್ಳು ಹೇಳಿದ್ರಿ" ಎಂದಳು ಲೋರ್ನಾ.

"ಹೇಳಿದೆ."

"ನಾನು ಬೇಕಂತಲೇ ತಡ ಮಾಡಿದ್ದು ನಿಮಗೆ ಗೊತ್ತಾಯ್ತು."

"ನೋಡಿದ ಕೂಡಲೇ ಗೊತ್ತಾಯ್ತು. ನಾನೂ ಮಾಡಿದ್ದೆ, ರೈನೊ ಹೊಟ್ಟೇಲಿದ್ದಾಗ. ಮೂರು ಕಾರು ಸೋಲಿಸಿದೆ. ನನ್ನ ಗಂಡ ನಾಲ್ಕನೇದು ತಂದ." ಐಲಿ ಒಂದು ಟೈರ್‌ನ ಗೀಟುಗಳಲ್ಲಿ ಬೆರಳು ಆಡಿಸುತ್ತಿದ್ದಳು. ಸೊಸೆಯ ಮುಖ ನೋಡಲಿಲ್ಲ.

"ಹಾಗಿದ್ರೆ ನನ್ನನ್ನ ಯಾಕೆ ಬಿಡಲಿಲ್ಲ ಮುಮ್ಮು? ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿದೆ ಅದು ಹೇಗಿರುತ್ತೆ ಅಂತ?"

"ಗೊತ್ತಿರೋದಕ್ಕೇ." ಮುದುಕಿ ಟೈರ್‌ನಿಂದ ಬೆರಳು ತೆಗೆದಳು. "ರೈನೊ ಬೆಳಿಗ್ಗೆ ಹೋದ್ರೆ ಕತ್ತಲಾದ ಮೇಲೆ ಬರ್ತಾನೆ. ಬಂದು ಉಂಡು ಮಲಗ್ತಾನೆ. ನೀವೆಲ್ಲ ದ್ವೀಪಕ್ಕೆ ಬರೋಕೆ ಮುಂಚೆ ಹನ್ನೊಂದು ಚಳಿಗಾಲ ನಾನು ಆ ಮನೇಲಿ ರೇಡಿಯೋ ಜೊತೆ ಮಾತಾಡ್ಕೊಂಡು ಇದ್ದೆ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ ಕಣಮ್ಮ. ನೀನು ಹೋದ್ರೆ ಏಪ್ರಿಲ್ ತನಕ ನನಗೆ ಯಾರಿದಾರೆ?"

ಕುತಂತ್ರಿ ಅತ್ತೆಯಾಗಿದ್ದರೆ ಲೋರ್ನಾ ಜಗಳವಾಡುತ್ತಿದ್ದಳು, ಅದಕ್ಕೆ ಬೇಕಾದ ಮಾತೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಹೆದರಿದ ಮುದುಕಿಯ ಜೊತೆ ಜಗಳವಾಡುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಸಿಟ್ಟು ಹೋಗಲು ಜಾಗವಿಲ್ಲದೆ ಎದೆಯಲ್ಲೇ ಕೂತಿತು. ನಮ್ಮ ಜೊತೆ ಪೇಟೆಗೆ ಬಂದುಬಿಡಿ ಎಂದು ಕೊನೆಗೆ ಹೇಳಿದಳು. ಐಲಿ ಬೇಡವೆಂದು ತಲೆಯಾಡಿಸಿದಳು. ಮಗನೊಬ್ಬನನ್ನೇ ಆ ಗಡ್ಡೆಯ ನಡುವೆ ಬಿಟ್ಟು ಬರಲಾರೆ ಎಂದಳು. ಅವಳು ಹಾಗೆ ಹೇಳುತ್ತಾಳೆಂದು ಲೋರ್ನಾಳಿಗೆ ಗೊತ್ತೇ ಇತ್ತು.

ರೈನೊ ಬಾಗಿಲಲ್ಲಿ ಕಾಣಿಸಿಕೊಂಡ. ಕಣ್ಣಿನಲ್ಲಿ ಹಬ್ಬದ ಬೆಳಕು. ಟೈರ್‌ಗಳಲ್ಲಿ ಎರಡು ಬಗೆ ಇವೆಯಂತೆ, ಬರೀ ಮೆತ್ತನೆ ರಬ್ಬರಿನದು ಪೇಟೆಯ ರಸ್ತೆಗೆ ಹಿತ, ಸದ್ದಿಲ್ಲ. ಉಕ್ಕಿನ ಮೊಳೆ ಬಡಿದದ್ದು ಡಾಂಬರಿನ ಮೇಲೆ ಕಿವಿ ತಿನ್ನುತ್ತದೆ, ಆದರೆ ನುಣ್ಣನೆ ಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ ಎಂದು ಒಂದೇ ಉಸಿರಿಗೆ ಹೇಳಿದ.

"ಮಕ್ಕಳನ್ನ ಸ್ಕೂಲಿಗೆ ಬಿಡೋಳು ನೀನು. ಕಾರು ನಿಂದೇ. ನಾನು ಬಾಯಿ ಹಾಕಲ್ಲ. ಯಾವುದು ಬೇಕು ಹೇಳು."

ಲೋರ್ನಾ ಕಪಾಟು ನೋಡಿದಳು. ಜನವರಿಯಲ್ಲಿ ಗಾಳಿ ಹಿಮವನ್ನೆಲ್ಲ ಗುಡಿಸಿ, ಗಾಜಿನಂತೆ ಬಿಟ್ಟ, ದ್ವೀಪದಿಂದ ಪೇಟೆಗಿನ ಆ ನಾಲ್ಕು ಕಿಲೋಮೀಟರ್ ಅವಳ ಕಣ್ಣಮುಂದಿತ್ತು. ಹಿಂದಿನ ಸೀಟಿನಲ್ಲಿ ಬೆಲ್ಟ್ ಬಿಚ್ಚಿ ಕೂತ ಎರಡು ತಲೆಗಳೂ ಇದ್ದವು.

"ಮೊಳೆ ಇರೋದು" ಎಂದಳು.

"ನೋಡಮ್ಮ" ಎಂದ ರೈನೊ ತಾಯಿಯ ಕಡೆ ತಿರುಗಿ, ಹೆಮ್ಮೆಯಿಂದ. "ನಾನು ಒಂದು ಮಾತೂ ಹೇಳಲಿಲ್ಲ. ಅವಳೇ ಆರಿಸಿದ್ದು."