ಎರಡು ಗೀಟು, ಒಂದು ಬಾಣ

ಬಸ್ಸು ಓಡಿಸುವ, ಮಾವನ ಶಿಷ್ಯನ ಫೋನು ಬಂದಾಗ ಸೊಸೆ ಮನೆಯ ಮುಂದಿನ ಕೋಣೆಯಲ್ಲಿ ಆಫೀಸಿನ ಕೆಲಸಕ್ಕೆ ಕೂತಿದ್ದಳು.

“ಅಕ್ಕಾ, ಒಂದು ಅನುಮಾನ. ವೆಬ್ ಪುಟದಲ್ಲಿ ಮೂರನೇ ಪದ್ಯದ ಮಧ್ಯೆ ‘ಗಂಟಲು ಹರ್ಕೋಬೇಡವೋ ಕತ್ತೆ’ ಅಂತ ಬಂದಿದೆ. ಅದನ್ನೂ ರಾಗವಾಗಿ ಹೇಳ್ಬೇಕಾ?”

“ಅಯ್ಯೋ, ಬೇಡ! ಅದು ಮಾವ ನಿಮಗೆ ಹೇಳಿರೋದು.”

“ಆ ಕತ್ತೆ ನಾನೇ ಅಂತ ಗೊತ್ತಾಯ್ತು ಬಿಡಿ. ಆದ್ರೆ ಊರಿಗೆಲ್ಲ ಕಾಣ್ತಿದೆಯಲ್ಲ! ಸಂಜೆ ಆರಕ್ಕೆ ಕಾವ್ಯವಾಚನ. ಅದನ್ನ ಅಳಿಸೋಕೆ ಹೋಗಿ ಮೇಷ್ಟ್ರ ಗುರುತುಗಳೂ ಹೋದ್ರೆ ನಾನು ಕೆಟ್ಟೆ ಅಕ್ಕಾ.”

ಮಾವ ನಲವತ್ತು ವರ್ಷ ಕಾವ್ಯ ಓದಿ ಹೇಳಿದವರು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಮಾತೆಲ್ಲ ಸ್ಲೇಟಿನ ಮೇಲೆ. ಅವರ ಜಾಗದಲ್ಲಿ ಇವತ್ತು ಮೊದಲ ಸಲ ಈ ಶಿಷ್ಯ ಕೂರಬೇಕಿತ್ತು. ಸೊಸೆ ತಾನು ಕಟ್ಟುತ್ತಿದ್ದ ಎಡಿಟರನ್ನೇ, ಎಂದರೆ ಬರೆದದ್ದು ಬರೆದಂತೆಯೇ ವೆಬ್ ಪುಟವಾಗಿ ಕಾಣುವ ತಂತ್ರಾಂಶವನ್ನೇ, ಶಿಷ್ಯನಿಗೆ ಪಾಠ ಬರೆದುಕೊಡಲೆಂದು ಮಾವನ ಕೈಗಿತ್ತಿದ್ದಳು. ಪದ್ಯ ಎಲ್ಲರಿಗೂ ಕಾಣುತ್ತದೆ. ಹೇಗೆ ಹೇಳಬೇಕೆಂಬ ಟಿಪ್ಪಣಿ ಕಾಮೆಂಟಾಗಿ ಪುಟದೊಳಗೆ ಅಡಗಿರುತ್ತದೆ. ಎಡಿಟರಿನಲ್ಲಿ ತೆರೆದವರಿಗೆ ಮಾತ್ರ ಅದೊಂದು ಹಳದಿ ಚೀಟಿ.

ಅವಳು ಪುಟದ ಒಳಗನ್ನು ಬಿಚ್ಚಿ ನೋಡಿದಳು. ಮಾವನ ಲೆಕ್ಕದಲ್ಲಿ ಎರಡು ಅಡ್ಡಗೀಟೆಂದರೆ ದೀರ್ಘ ಉಸಿರು, ಬಾಣದ ತುದಿಯೆಂದರೆ ದನಿ ಏರಿಸು. ಮೂರನೇ ಪದ್ಯದಲ್ಲಿ ಎರಡೂ ಒಟ್ಟಿಗೆ ಬಂದಿದ್ದವು: -->. ಕಾಮೆಂಟು ಇಲ್ಲಿಗೆ ಮುಗಿಯಿತೆಂದು ಬ್ರೌಸರಿಗೆ ಹೇಳುವ ಗುರುತೂ ಅದೇ. ಉಸಿರೆಳೆದುಕೋ ಎಂದು ಮಾವ ಹೇಳಿದರೆ ಬ್ರೌಸರು ಬಾಗಿಲು ತೆರೆದುಬಿಟ್ಟಿತ್ತು. ಕತ್ತೆ ಹೊರಗೆ ಬಂದಿತ್ತು.

“ಪುಟ ಉಳಿಸುವಾಗ ಕಾಮೆಂಟೆಲ್ಲ ಕಿತ್ತುಹಾಕು, ಪೀಡೆ ಹೋಯ್ತು,” ಎಂದ, ಅವಳು ಫೋನು ಮಾಡಿ ಕೇಳಿದಾಗ, ಆಫೀಸಿನ ಸಹೋದ್ಯೋಗಿ. ಐದು ನಿಮಿಷದ ಕೆಲಸ. ಅವಳು ಪಕ್ಕದ ಕೋಣೆಗೆ ಹೋಗಿ, ಹಾಗೆ ಮಾಡಲೇ ಎಂದು ಮಾವನನ್ನು ಕೇಳಿದಳು.

ಮಾವ ಸ್ಲೇಟು ಒರೆಸಿ ಬರೆದರು: ‘ಪದ್ಯ ಪುಸ್ತಕದಲ್ಲೂ ಇದೆ. ಉಸಿರು ಈ ಚೀಟಿಯಲ್ಲಿ ಮಾತ್ರ.’

ಅವಳು ಕೀಲಿಮಣೆಯ ಮುಂದೆ ಮತ್ತೆ ಕೂತಳು. ಮದುವೆಯಾಗಿ ಬಂದ ವರ್ಷ, ‘ಇವಳ ಓದು ನಿಲ್ಲಕೂಡದು’ ಎಂದು ಮನೆಮಂದಿಯ ಎದುರು ದನಿ ಏರಿಸಿದ್ದು ಇದೇ ಗಂಟಲು. ಆ ಓದಿನಿಂದಲೇ ಅಲ್ಲವೇ ಈ ಕೀಲಿಮಣೆ?

ಊಟ ಆರಿಹೋಯಿತು. ಚೀಟಿಯಲ್ಲಿ ಏನೇ ಬರೆದರೂ ಬ್ರೌಸರಿಗೆ ಅದು ಬರಿಯ ಅಕ್ಷರವಾಗಿರಬೇಕು, ಆಜ್ಞೆಯಲ್ಲ. ಉಳಿಸುವಾಗ ಬಾಣದ ತುದಿಗೆ ಬದಲಾಗಿ ಒಂದು ಸಂಕೇತ, ತೆರೆಯುವಾಗ ಮತ್ತೆ ಬಾಣ. ಹಾಗೆ ತಿದ್ದಿ, ಚೆಲ್ಲಿದ್ದ ಸಾಲನ್ನು ಬಾಚಿ ಒಳಗೆ ಹಾಕಿ, ಹತ್ತಾರು ಸಲ ಉಳಿಸಿ ತೆರೆದು ನೋಡಿದಳು. ನಾಲ್ಕೂವರೆಗೆ ಶಿಷ್ಯನಿಗೆ ಫೋನು ಮಾಡಿದಳು: “ಕತ್ತೆ ಒಳಗೆ ಹೋಯ್ತು. ಗುರುತೆಲ್ಲ ಇದೆ.”

“ಕಟ್ಟಿಹಾಕಿದ್ದಕ್ಕೆ ದೊಡ್ಡ ನಮಸ್ಕಾರ ಅಕ್ಕಾ!”

ಸಂಜೆ ಶಿಷ್ಯ ಮೂರನೇ ಪದ್ಯಕ್ಕೆ ಬಂದ. ದೀರ್ಘ ಉಸಿರಿಗೆ ನಿಂತ. ಸಭೆಯೂ ಅವನ ಜೊತೆ ನಿಂತಿತು. ಅವಳ ಪಕ್ಕದಲ್ಲಿ ಮಾವನ ಎದೆ ನಿಧಾನವಾಗಿ ತುಂಬಿತು. ಶಿಷ್ಯನ ದನಿ ಮೇಲೇರಿದಾಗ ಅವರ ಗದ್ದವೂ ತಾನಾಗಿ ಏರಿತು.

ಮಾರನೆಯ ಬೆಳಿಗ್ಗೆ ಪುಟ ತೆರೆದರೆ ಕೊನೆಯಲ್ಲೊಂದು ಹೊಸ ಹಳದಿ ಚೀಟಿ: ‘ಮಗಳೇ --> ಬದುಕಿಸಿದೆ.’

ಹೊರಗಿನ ಪುಟವನ್ನೂ ನೋಡಿದಳು. ಅಲ್ಲಿ ಪದ್ಯವಿತ್ತು, ಬೇರೇನೂ ಇರಲಿಲ್ಲ.