ಹೊಳೆಗೆ ಬಿಟ್ಟ ಕಾಸು

ಕೊಳ್ಳೇಗಾಲದ ಚೆನ್ನಯ್ಯನ ಹಳೇ ಪಾತ್ರೆ ಅಂಗಡಿಯಲ್ಲಿ ಹಳೇ ಕಾಸನ್ನು ತೂಕಕ್ಕೆ ಮಾರುತ್ತಿದ್ದರು. ಆರಿಸುವ ಹಾಗಿಲ್ಲ, ಬೇಕಾದರೆ ಗುಡ್ಡೆ ಪೂರ್ತಿ ಎತ್ತಬೇಕು. ಮಾಂಬಳ್ಳಿಯ ಮುತ್ತಯ್ಯನಿಗೆ ಅದೇನೂ ಕಷ್ಟವಾಗಿರಲಿಲ್ಲ. ಅರ್ಧ ಆಯಸ್ಸು ರೇಷ್ಮೆಗೂಡಿನ ವ್ಯಾಪಾರ ಮಾಡಿದವನು. ಒಂದು ಹಿಡಿ ಮುಟ್ಟಿದರೆ ಇಡೀ ಗುಡ್ಡೆಯ ಹಣೆಬರಹ ಹೇಳುತ್ತಿದ್ದ. ಹಾಗೆ ತಂದು ತಂದು, ಗುಳಿ ಕೊರೆದ ಹಲಗೆಯಲ್ಲಿ ತೂತಿನ ಕಾಸುಗಳನ್ನು ಇಸವಿವಾರು ಜೋಡಿಸಿದ್ದ. ನಲವತ್ತೇಳನೇ ಇಸವಿಯ ಗುಳಿ ಮಾತ್ರ ಬಿದ್ದ ಹಲ್ಲಿನ ಜಾಗದಂತೆ ಖಾಲಿ ಉಳಿದಿತ್ತು.

ಈ ಸಲದ ಚೀಲದಲ್ಲಿ ಅದು ಸಿಕ್ಕಿತು. ಜಗಲಿಯಲ್ಲಿ ಕೂತು ಕಿಲುಬು ಉಜ್ಜಿ, ಇಸವಿ ಕಂಡೊಡನೆ ಹೆಂಡತಿಯನ್ನು ಕರೆದ. ಪುಟ್ಟಮಾದಮ್ಮ ಕಾಸು ನೋಡಲಿಲ್ಲ, ಚೀಲದ ತಳದ ಮರಳು ನೋಡಿದಳು.

"ಇದು ಒಳೆಗೆ ಬುಟ್ಟ ಕಾಸು ಕಣ್ರಿ. ಮನೆ ಒಳೀಕೆ ತರಬ್ಯಾಡಿ."

ಚೆನ್ನಯ್ಯನಿಗೆ ಫೋನು ಮಾಡಿದರೆ ಅವನು ಮುಚ್ಚಿಡಲೂ ಇಲ್ಲ. ಬೇಸಗೆಯಲ್ಲಿ ಸತ್ತೇಗಾಲದ ಸೇತುವೆ ಕೆಳಗೆ ನೀರು ಇಳಿದಾಗ ಯಾರೋ ಮರಳು ಜರಡಿ ಹಿಡಿದು ತಂದು ಕೊಟ್ಟರಂತೆ.

ಆ ಸೇತುವೆ ಮುತ್ತಯ್ಯನಿಗೆ ಗೊತ್ತಿಲ್ಲದ್ದೇ? ಅವ್ವನ ತವರು ಹೊಳೆಯಾಚೆ. ಬಸ್ಸು ಸೇತುವೆ ಹತ್ತಿದ ಕೂಡಲೇ ಅವ್ವ ಎಲೆಯಡಿಕೆ ಚೀಲದಿಂದ ತೂತಿನ ಕಾಸು ತೆಗೆದು, ಮಗನ ಮುಖಕ್ಕೆ ನಿವಾಳಿಸಿ, ಕಿಟಕಿಯಿಂದ ನೀರಿಗೆ ಎಸೆಯುತ್ತಿದ್ದಳು. ಅವಳ ಕೈಯಿಂದ ಹೊಗೆಸೊಪ್ಪಿನ ಘಾಟು, ಹೊಳೆಯಿಂದ ತಣ್ಣನೆ ಗಾಳಿ. ಆಗಲೇ ನಯಾಪೈಸೆ ಬಂದು ತೂತಿನ ಕಾಸಿನ ಕಾಲ ಮುಗಿದಿತ್ತು. ದಾರಕ್ಕೆ ಪೋಣಿಸಿಕೊಳ್ಳಲು ಕೊಡವ್ವಾ ಎಂದು ಅವನು ಗೋಗರೆದರೆ, "ಅಂಗ್ಡಿಯೋನು ಬ್ಯಾಡ ಅಂದ್ರೂ ಒಳೆ ಬ್ಯಾಡ ಅನ್ನಕಿಲ್ಲ ಕಣ್ಲಾ" ಎಂದು ಎಸೆದೇ ಬಿಡುತ್ತಿದ್ದಳು.

ಇದನ್ನೆಲ್ಲ ಹೆಂಡತಿಗೆ ಹೇಳಿ ವಾದ ಹೂಡಿದ. ಕೊಟ್ಟವರು ಕೊಟ್ಟದ್ದೇ ನಡೆಯದ ಕಾಸು. ವಾಪಸು ತಕಂಡರೆ ಹೊಳೆಗೇನು ನಷ್ಟ?

"ಕಾಸು ನಡೀದೆ ಇರ್ಬೋದು. ನಿಮ್ಮವ್ವ ನಿವಾಳಿಸಿದ್ದು ಸುಳ್ಳಾ? ಇದ್ರಲ್ಲಿ ಯಾರ್ಯಾರ ಮಕ್ಕಳ ಜ್ವರ ಐತೋ."

ಮುತ್ತಯ್ಯ ಕಾಸನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿದ. ಚೀಲ ಜಗಲಿಯಲ್ಲೇ ಮಲಗಿತು.

ಮರುದಿನ ಇಬ್ಬರೂ ಬಸ್ಸು ಹತ್ತಿ ಸತ್ತೇಗಾಲಕ್ಕೆ ಹೋದರು. ಮುತ್ತಯ್ಯ ಹಿಡಿಹಿಡಿಯಾಗಿ ಕಾಸು ತೂರಿದ. ಚೀಲ ಕೊಡವಿದ ಮೇಲೂ ಅವನ ಎಡಗೈ ಮುಷ್ಟಿ ಬಿಚ್ಚಲಿಲ್ಲ. ಹಲಗೆಯ ಧೂಳು ಒರೆಸುವವಳು ಪುಟ್ಟಮಾದಮ್ಮನೇ. ಆ ಖಾಲಿ ಗುಳಿ ಅವಳಿಗೂ ಗೊತ್ತಿತ್ತು.

"ಅದೊಂದ್ನ ಮಡಿಕಳಿ," ಎಂದಳು. "ಬದ್ಲಿಗೆ ನಡಿಯೋ ದುಡ್ಡು ಕೊಡಿ. ಒಳೆಗೆ ಮೋಸ ಆಗ್ಬಾರ್ದು, ಅಷ್ಟೆಯ."

ಅವನು ಹತ್ತು ರೂಪಾಯಿ ನಾಣ್ಯ ತೆಗೆದ. ಎಸೆಯುವ ಮುಂಚೆ ಅವಳು ಅದನ್ನು ಕಿತ್ತುಕೊಂಡು, ಅವನ ಮುಖದ ಸುತ್ತ ನಿವಾಳಿಸತೊಡಗಿದಳು. ಬೈಕಿನವರು ತಿರುಗಿ ನೋಡಿಕೊಂಡು ಹೋದರು. ಎಪ್ಪತ್ತು ದಾಟಿದ ಗಂಡಸು ನಾಚಿ ಹಿಂದೆ ಸರಿದ.

"ಸುಮ್ನೆ ನಿಂತ್ಕಳಿ."

ನಿಂತ. ನಾಣ್ಯ ನೀರಿಗೆ ಬಿತ್ತು. ಮುತ್ತಯ್ಯ ಮುಷ್ಟಿ ಬಿಚ್ಚಿ, ಬೆವರಿಗೆ ಒದ್ದೆಯಾಗಿದ್ದ ನಲವತ್ತೇಳನ್ನು ಜೇಬಿಗಿಳಿಸಿದ. ಈ ವ್ಯಾಪಾರದಲ್ಲಿ ಯಾರಿಗೂ ಕಮ್ಮಿಯಾಗಿರಲಿಲ್ಲ.